ಗೊಂಬೆಯ ಕೆಳಗೊಂದು ಹೆಸರು

ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ತರಬೇತಿಗೆ, ಮೌಲ್ಯಮಾಪನಕ್ಕೆ, ಚುನಾವಣಾ ಕೆಲಸಕ್ಕೆ ಎಂದು ಎಲ್ಲೆಲ್ಲೋ ಹೋಗಿದ್ದೇನೆ. ಹೋದಲ್ಲೆಲ್ಲ “ನಿಮ್ಮೂರು ಯಾವುದು ಮೇಡಂ?” ಎಂದು ಕೇಳುತ್ತಾರೆ. “ಚನ್ನಗಿರಿ” ಎಂದರೆ ಒಬ್ಬರಾದರೂ “ಓ, ಗೊಂಬೆ ಊರು!” ಎಂದು ಕಣ್ಣರಳಿಸುತ್ತಾರೆ. “ಅಲ್ಲ, ಅದು ಚನ್ನಪಟ್ಟಣ. ನಮ್ಮದು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಅಡಿಕೆ ಊರು” ಎಂದು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಕೆಳದಿಯ ರಾಣಿ ಚೆನ್ನಮ್ಮಳಿಂದ ಹೆಸರು ಬಂತೆಂದು ಹಿರಿಯರು ಹೇಳುವ ಊರು ನಮ್ಮದು. ಗುಡ್ಡದ ಮೇಲೊಂದು ಕೋಟೆ, ತಾಲೂಕಿಗೊಂದು ಸಮುದ್ರದಂಥ ಸೂಳೆಕೆರೆ, ಸುತ್ತ ತೋಟಗಳು. ಗೊಂಬೆಗೂ ನಮ್ಮೂರಿಗೂ ಏನು ಸಂಬಂಧ?

ಆದರೆ ನಮ್ಮ ಮನೆಗೆ ಮಾತ್ರ ಸಂಬಂಧವಿತ್ತು. ಅದು 1984ರಲ್ಲಿ ಶುರುವಾಯಿತು. ಆಗ ನನಗೆ ಒಂಬತ್ತು ವರ್ಷ. ನಮ್ಮ ತಾಲೂಕು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅಬ್ಬಾ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಮ್ಮೆ ಮಂಡಿ ಕೆಲಸದ ಮೇಲೆ ಲಾರಿಯಲ್ಲಿ ಮೈಸೂರಿಗೆ ಹೋದವರು ಬರುವಾಗ ಚನ್ನಪಟ್ಟಣದ ಹತ್ತಿರ ಟಯರ್ ಪಂಕ್ಚರ್ ಆಗಿ ಎರಡು ಗಂಟೆ ನಿಲ್ಲಬೇಕಾಯಿತಂತೆ. ರಸ್ತೆ ಬದಿಯ ಅಂಗಡಿಯಲ್ಲಿ 18 ರೂಪಾಯಿ ಕೊಟ್ಟು ಒಂದು ಜೊತೆ ಗೊಂಬೆ ತಂದರು. ಒಬ್ಬ ರಾಜ, ಒಬ್ಬಳು ರಾಣಿ. ಗೇಣುದ್ದ ಎತ್ತರ. ಕೈಕಾಲು ಬೇರೆಯಾಗಿಲ್ಲ, ಮೈಯೆಲ್ಲ ಉರುಟು. ಸೊಂಟದಿಂದ ಕೆಳಗೆ ಕೆಂಪು, ಎದೆಗೆ ಹಳದಿ, ಕಣ್ಣಿಗೆ ಎರಡು ಕಪ್ಪು ಚುಕ್ಕೆ, ತಲೆಯ ಮೇಲೆ ಪುಟ್ಟ ಕಳಶದಂಥ ಕಿರೀಟ. ನಾನು ರಾತ್ರಿ ಅವರಿಬ್ಬರನ್ನೂ ಹೊದಿಕೆಯೊಳಗೆ ಇಟ್ಟುಕೊಂಡೇ ಮಲಗಿದೆ.

ಮರುವಾರ ಮನೆಗೆ ಬಂದ ಫೂಫಾ ಅದನ್ನು ನೋಡಿ, “ಮನೆಯಲ್ಲಿ ಬೊಂಬೆ ಇಡಬಾರದು, ತೆಗೆದುಬಿಡಿ” ಎಂದರು. ಅಬ್ಬಾ ಸುಮ್ಮನಿದ್ದರು. ನಾನು ಅಳಲು ಶುರುಮಾಡಿದೆ. ಆಗ ಮಾತಾಡಿದವರು ದಾದಿ. ಅವರಿಗೆ ಓದು ಬಾರದು, ಎಲ್ಲವನ್ನೂ ಕೇಳಿಯೇ ಕಲಿತವರು. ಹಝ್ರತ್ ಆಯಿಷಾ(ರ) ಎಳೆಯ ವಯಸ್ಸಿನಲ್ಲಿ ಗೊಂಬೆ ಇಟ್ಟುಕೊಂಡು ಆಡುತ್ತಿದ್ದುದನ್ನೂ, ಅವುಗಳಲ್ಲಿ ರೆಕ್ಕೆಯ ಕುದುರೆಯೊಂದು ಇದ್ದುದನ್ನೂ, ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ಯವರು ಕೇಳಿದಾಗ ಸುಲೈಮಾನರ ಕುದುರೆಗೆ ರೆಕ್ಕೆ ಇತ್ತಲ್ಲ ಎಂದು ಆಕೆ ಉತ್ತರಿಸಿದ್ದನ್ನೂ, ಅದಕ್ಕೆ ಪ್ರವಾದಿ(ಸ)ಯವರು ಮನಸಾರೆ ನಕ್ಕಿದ್ದನ್ನೂ ದಾದಿ ವರ್ಣಿಸಿ ಹೇಳಿದರು. ಕೊನೆಗೆ, “ಅವರು ನಕ್ಕ ಕಡೆ ನೀನು ಯಾಕೆ ಹುಬ್ಬು ಗಂಟಿಕ್ಕುತ್ತೀಯ?” ಎಂದು ಅಳಿಯನನ್ನು ಕೇಳಿದರು. ಚಿತ್ರ, ಪ್ರತಿಮೆಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಮಕ್ಕಳ ಆಟಿಕೆಗೆ ಅನೇಕರು ವಿನಾಯಿತಿ ಕೊಟ್ಟಿದ್ದಾರೆ ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅಂದು ಗೊತ್ತಾದದ್ದು ಒಂದೇ: ರಾಜ ರಾಣಿ ಉಳಿದರು.

ಉಳಿದದ್ದಷ್ಟೇ ಅಲ್ಲ, ವರ್ಷಕ್ಕೊಮ್ಮೆ ಊರು ಸುತ್ತಲೂ ಹೊರಟರು. ಪಕ್ಕದ ಮನೆಯಲ್ಲಿ ಪೋಸ್ಟ್ ಮಾಸ್ತರರ ಹೆಂಡತಿ ಇದ್ದರು. ಕೇರಿಯ ಮಕ್ಕಳೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ನವರಾತ್ರಿಗೆ ಮರದ ಹಲಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಿದ್ದರು. ನನ್ನ ಗೊಂಬೆಗಳನ್ನು ನೋಡಿದ ವರ್ಷವೇ, “ಒಂಬತ್ತು ದಿನಕ್ಕೆ ನಿನ್ನ ರಾಜ ರಾಣೀನ ನಮ್ಮನೆಗೆ ಕಳಿಸ್ತೀಯೇನೇ ಪುಟ್ಟಿ?” ಎಂದು ಕೇಳಿದರು. ಆಮೇಲೆ ಅದು ಪದ್ಧತಿಯೇ ಆಯಿತು. ಅಮ್ಮಿ ಹಳೆಯ ದುಪಟ್ಟಾದಲ್ಲಿ ಸುತ್ತಿ ಕೊಡುವರು, ವಿಜಯದಶಮಿ ಕಳೆದ ಮೇಲೆ ಅಜ್ಜಿ ಅದೇ ದುಪಟ್ಟಾದಲ್ಲಿ ಸುತ್ತಿ, ಜೊತೆಗೆ ಕೊಬ್ಬರಿ ಮಿಠಾಯಿ ಇಟ್ಟು ವಾಪಸು ಕಳಿಸುವರು. ಸಂಜೆ ಗೊಂಬೆ ಬಾಗಿನಕ್ಕೆ ಬಂದ ಮಕ್ಕಳಿಗೆ ಅಜ್ಜಿ ಒಂದೊಂದೇ ಗೊಂಬೆ ತೋರಿಸಿ ಕತೆ ಹೇಳುತ್ತಿದ್ದರು. “ಇದು ನಮ್ಮಮ್ಮ ಮದುವೇಲಿ ಕೊಟ್ಟ ಪಟ್ಟದ ಗೊಂಬೆ, ಇದು ನಮ್ಮ ಅಣ್ಣ ತಂಜಾವೂರಿಂದ ತಂದಿದ್ದು, ಇದು ನಮ್ಮ ಮಂಡಿ ಸಾಬರ ಮನೇದು.” ನಾನು ಹೆಮ್ಮೆಯಿಂದ ಎದೆಯುಬ್ಬಿಸಿ ನಿಂತಿರುತ್ತಿದ್ದೆ. ಪ್ರತಿಯೊಂದು ಗೊಂಬೆಗೂ ಕೊಟ್ಟವರ ಹೆಸರಿತ್ತು, ತಂದವರ ಹೆಸರಿತ್ತು. ಮಾಡಿದವರ ಹೆಸರು ಯಾವ ಗೊಂಬೆಗೂ ಇರಲಿಲ್ಲ. ಅದು ಅಜ್ಜಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೆಲಸ ಸಿಕ್ಕಿದ ಮೇಲೆ ನಾನೂ ಗೊಂಬೆ ಸಂಗ್ರಹಿಸತೊಡಗಿದೆ. ಪ್ರವಾಸ ಹೋದಲ್ಲಿ ಉಳಿದವರು ಸೀರೆ ನೋಡಿದರೆ ನಾನು ಗೊಂಬೆ ನೋಡುವೆ. ಕೊಪ್ಪಳದ ಕಿನ್ನಾಳದಿಂದ ಗರುಡ ತಂದೆ. ಹಗುರವಾದ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಅಲ್ಲಿನ ಚಿತ್ರಗಾರ ಮನೆತನದವರು ಮಾಡುವ ಗೊಂಬೆ ಅದು. ಆಂಧ್ರದ ಕೊಂಡಪಲ್ಲಿಯದು ಬಂತು. ತಲೆಯಾಡಿಸುವ ತಂಜಾವೂರಿನ ಅಜ್ಜ ಬಂದ. ಮನೆಯ ಶೋಕೇಸಿನಲ್ಲಿ ಈಗ ಎಣಿಸಿದರೆ 43 ಇವೆ. ಅವಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ. ಟೀಚರ್ ಬುದ್ಧಿ, ಗೆರೆ ಹಾಕಿ ಮೂರು ಕಾಲಂ ಮಾಡಿದ್ದೆ: ಊರು, ವರ್ಷ, ಬೆಲೆ. ಬೆಲೆಯ ಪಕ್ಕದಲ್ಲಿ ಎಷ್ಟು ಚೌಕಾಸಿ ಮಾಡಿದೆ ಎಂಬುದನ್ನೂ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ‘ಹೇಳಿದ್ದು 450, ಕೊಟ್ಟದ್ದು 300.’ ಅದು ನನ್ನ ಜಾಣತನದ ಲೆಕ್ಕ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾಫ್ಟ್‌ವೇರ್ ಕೆಲಸದ ಮೇಲೆ ಜಪಾನಿಗೆ ಹೋಗಿದ್ದವಳು ನನ್ನ ಹುಚ್ಚು ನೆನಪಿಟ್ಟುಕೊಂಡು ಅಲ್ಲಿಂದ ಒಂದು ಗೊಂಬೆ ತಂದುಕೊಟ್ಟಳು. ಕೊಕೇಶಿ ಎಂದು ಅದರ ಹೆಸರು. ಜಪಾನಿನ ಈಶಾನ್ಯ ಭಾಗದಲ್ಲಿ, ಬಿಸಿನೀರಿನ ಬುಗ್ಗೆಗಳಿರುವ ಊರುಗಳಲ್ಲಿ, ಸ್ನಾನಕ್ಕೆ ಬಂದವರು ಮಕ್ಕಳಿಗೆ ಕೊಂಡೊಯ್ಯಲೆಂದು ಹುಟ್ಟಿಕೊಂಡ ಗೊಂಬೆ. ಉರುಟು ತಲೆ, ಕೊಳವೆಯಂಥ ಮೈ, ಕೈಯಿಲ್ಲ, ಕಾಲಿಲ್ಲ. ಥೇಟ್ ನಮ್ಮ ರಾಣಿಯ ದೂರದ ನೆಂಟಳು. “ಮಿಸ್, ತಿರುಗಿಸಿ ನೋಡಿ” ಎಂದಳು ಹುಡುಗಿ. ತಿರುಗಿಸಿದರೆ ಅಡಿಯಲ್ಲಿ ಕಪ್ಪು ಶಾಯಿಯಲ್ಲಿ ಏನೋ ಬರೆದಿತ್ತು. “ಅದು ಮಾಡಿದವರ ಸಹಿ. ಅಲ್ಲಿ ಸಂಗ್ರಹಿಸುವವರು ಮೊದಲು ಗೊಂಬೆಯ ಮುಖ ನೋಡೋದಿಲ್ಲ, ಕೆಳಗಿರೋ ಹೆಸರು ನೋಡ್ತಾರೆ” ಎಂದಳು. ಚೆನ್ನಾಗಿದೆಯಲ್ಲ ಎನ್ನಿಸಿತು. ಅಷ್ಟೇ. ನೋಟ್‌ಬುಕ್ಕಿನಲ್ಲಿ ‘ಜಪಾನ್’ ಎಂದು ಬರೆದು, ಬೆಲೆಯ ಜಾಗದಲ್ಲಿ ‘ಉಡುಗೊರೆ’ ಎಂದು ಬರೆದೆ.

2024ರ ಆರಂಭದಲ್ಲಿ ತಂಗಿಯ ಮಗ ಶೋಕೇಸಿಗೆ ಕೈ ಹಾಕಿ ರಾಣಿಯನ್ನು ಕೆಳಗೆ ಬೀಳಿಸಿದ. ನಲವತ್ತು ವರ್ಷ ಏನೂ ಆಗದ ರಾಣಿಯ ಕಿರೀಟ ಹಾರಿ ಎರಡು ಹೋಳಾಯಿತು, ಒಂದು ಹೋಳು ಸಿಗಲೇ ಇಲ್ಲ. ಅಬ್ಬಾ ತೀರಿಹೋಗಿ ಆಗ ಮೂರು ವರ್ಷವಾಗಿತ್ತು. ಬೋಳುತಲೆಯ ರಾಣಿಯನ್ನು ನೋಡಲು ನನಗೆ ಆಗಲಿಲ್ಲ. ಮೇ ತಿಂಗಳಲ್ಲಿ ಚುನಾವಣಾ ಕೆಲಸ ಮುಗಿಸಿ, ಬೆಂಗಳೂರಿನ ತಂಗಿಯ ಮನೆಗೆ ಹೋದವಳು ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣಕ್ಕೆ ರೈಲು ಹತ್ತಿದೆ. ಚೀಲದಲ್ಲಿ ರಾಣಿ ಇದ್ದಳು. ಇಬ್ಬರ ಕೆಲಸವೂ ಒಂದೇ ರೀತಿಯದೇ ಎಂದು ಕೇಳುವ ಕುತೂಹಲಕ್ಕೆ ಜಪಾನಿನವಳನ್ನೂ ಹಾಕಿಕೊಂಡಿದ್ದೆ.

ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ ಗೊಂಬೆ ಅಂಗಡಿಗಳು ಸಾಲಾಗಿದ್ದವು, ಗಿರಾಕಿಗಳು ಕಾಣಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಊರಿನ ಹೊರಗಿನಿಂದಲೇ ಹಾದುಹೋಗುತ್ತವೆ. “ಮೊದಲು ಟೀ ಕುಡಿಯೋಕೆ ಇಳಿದವರು ಒಂದು ಗೊಂಬೆ ತಗೊಂಡು ಹೋಗೋರು. ಈಗ ಇಳಿಯೋದೇ ಇಲ್ಲವಲ್ಲ” ಎಂದರು ಒಬ್ಬ ಅಂಗಡಿಯವರು. ಅಬ್ಬಾ ಹತ್ತಿದ ಲಾರಿ ಇಂದು ಬಂದಿದ್ದರೆ ಪಂಕ್ಚರ್ ಆದರೂ ಗೊಂಬೆ ಸಿಗುತ್ತಿರಲಿಲ್ಲ ಎಂದುಕೊಂಡೆ. ರಿಪೇರಿ ಎಂದಾಗ ಅವರು ನಕ್ಕು, “ಹೊಸದೇ ತಗೊಳ್ಳಿ” ಎಂದರು. ನಾನು ಹಠ ಹಿಡಿದಾಗ ಒಳಗಿನ ಕೇರಿಯೊಂದರ ದಾರಿ ತೋರಿಸಿದರು.

ಅಲ್ಲಿ ಶೀಟಿನ ಮಾಡಿನ ಕೆಳಗೆ, ಮೋಟಾರಿನ ಲೇತಿನ ಮುಂದೆ ಅರವತ್ತು ದಾಟಿದ ಒಬ್ಬರು ಕುಳಿತಿದ್ದರು. ಸಲಾಂ ಹೇಳಿ, “ಚಾಚಾ, ಇದಕ್ಕೊಂದು ಕಿರೀಟ ಮಾಡಿಕೊಡ್ತೀರಾ?” ಎಂದು ರಾಣಿಯನ್ನು ಕೊಟ್ಟೆ. ಅವರು ಗೊಂಬೆಯನ್ನು ಹಿಡಿದದ್ದು ವೈದ್ಯರು ಮಗುವನ್ನು ಹಿಡಿದ ಹಾಗೆ. ಕತ್ತಿನ ಗೆರೆಯ ಮೇಲೆ ಉಗುರಾಡಿಸಿ, “ಹಳೇ ಕೈ” ಎಂದರು. ಯಾರ ಕೈ ಎಂದೆ. “ಏನಂತ ಹೇಳಲಿ ಬೇಟಿ? ನಾವು ಹೆಸರು ಹಾಕೋದಿಲ್ಲವಲ್ಲ” ಎಂದರು. ಕಿರೀಟಕ್ಕೆ 150 ರೂಪಾಯಿ ಹೇಳಿದರು. ನನ್ನ ಬಾಯಿ ತನಗೆ ತಾನೇ, “ಇಷ್ಟು ಚಿಕ್ಕದಕ್ಕೆ ನೂರೈವತ್ತಾ? ನೂರು ಕೊಡ್ತೀನಿ” ಎಂದಿತು. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಆಗಲಿ, ಕೂತ್ಕೋ” ಎಂದರು.

ಕುಳಿತೆ. ಮುಂದಿನ ಒಂದೂವರೆ ಗಂಟೆ ನನ್ನ ಜೀವನದ ದೊಡ್ಡ ಪಾಠ.

ಅವರು ಆಲೆ ಮರದ ಒಂದು ತುಂಡು ಆರಿಸಿದರು. ದಂತದಂತೆ ಬೆಳ್ಳಗೆ, ಎಳೆ ನುಣುಪಾದ ಮರ. ಕಡಿದು ತಂದ ಕೂಡಲೇ ಕೆಲಸಕ್ಕೆ ಬರುವುದಿಲ್ಲವಂತೆ, ತಿಂಗಳುಗಟ್ಟಲೆ ಒಣಗಬೇಕು, ಇಲ್ಲದಿದ್ದರೆ ಬಣ್ಣ ಹಾಕಿದ ಮೇಲೆ ಬಿರುಕು ಬಿಡುತ್ತದೆ. ತುಂಡನ್ನು ಲೇತಿಗೆ ಸಿಕ್ಕಿಸಿ ಮೋಟಾರು ಹಾಕಿದರು. ಉಳಿ ತಾಗಿಸಿದ ಕೂಡಲೇ ಮರದ ಹೊಟ್ಟು ಮಲ್ಲಿಗೆಯ ಎಸಳಿನಂತೆ ಹಾರತೊಡಗಿತು. ಅಳತೆಗೆ ಪಟ್ಟಿಯಿಲ್ಲ, ಗುರುತಿಗೆ ಪೆನ್ಸಿಲ್ಲಿಲ್ಲ. ನಡುವೆ ನಿಲ್ಲಿಸಿ ರಾಣಿಯ ತಲೆಯನ್ನೊಮ್ಮೆ ಹೆಬ್ಬೆರಳಿನಿಂದ ಸವರಿ ನೋಡುವರು, ಮತ್ತೆ ಉಳಿ ಹಿಡಿಯುವರು. ಕಿರೀಟದ ತುದಿ ಬರುವಷ್ಟರಲ್ಲಿ ಮರದಲ್ಲೊಂದು ಕಪ್ಪು ಗಂಟು ಕಾಣಿಸಿತು. ಏನೂ ಮಾತಾಡದೆ ಅದನ್ನು ತೆಗೆದು ಬುಟ್ಟಿಗೆಸೆದರು.

ಎರಡನೆಯದು ಆಕಾರಕ್ಕೆ ಬಂತು. ಮರಳು ಕಾಗದದಿಂದ ಉಜ್ಜಿ, ಅರಗಿನ ಕಡ್ಡಿ ತೆಗೆದುಕೊಂಡರು. ಮರಗಳ ಮೇಲೆ ಪುಟ್ಟ ಹುಳುಗಳು ಸುರಿಸುವ ಅಂಟೇ ಅರಗು. ಅದನ್ನು ಬಿಸಿ ಮಾಡಿ ಬಣ್ಣ ಬೆರೆಸಿ ಚೆನ್ನಾಗಿ ಬಡಿದು, ಎಳೆದು ಕಡ್ಡಿ ಮಾಡಿಟ್ಟಿರುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು ಹೀಗೆ ಗಿಡಮೂಲದ ಬಣ್ಣಗಳೂ ಇವೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬ್ರಷ್ ಬೇಕಿಲ್ಲ. ಹೆಚ್ಚು ಒತ್ತಿದರೆ ಗಂಟು ಕಟ್ಟುತ್ತದೆ, ಕಡಿಮೆ ಒತ್ತಿದರೆ ಹಿಡಿಯುವುದಿಲ್ಲ. ಆಮೇಲೆ ಕೇದಿಗೆಯ ಒಣಗಿದ ಗರಿಯನ್ನು ಮಡಚಿ ಒತ್ತಿ ಹಿಡಿದರು. ನೋಡನೋಡುತ್ತಿದ್ದಂತೆ ಮಂಕಾಗಿದ್ದ ಬಣ್ಣ ಕನ್ನಡಿಯಾಯಿತು. ನಾನು “ಸುಬ್‌ಹಾನಲ್ಲಾಹ್” ಎಂದೆ. ಅವರು ಮಾತ್ರ ಕಿರೀಟವನ್ನು ರಾಣಿಯ ಪಕ್ಕ ಹಿಡಿದು ತಲೆಯಾಡಿಸಿ, “ಇವಳ ಹಳದಿ ನಲವತ್ತು ವರ್ಷ ಮಾಗಿದೆ. ಇದು ಹಸಿ” ಎಂದು ಅದನ್ನೂ ಬುಟ್ಟಿಗೆ ಹಾಕಿದರು. ಹಳದಿಯ ಜೊತೆ ಒಂದಿಷ್ಟು ಕಂದು ಸೇರಿಸಿದ ಮೂರನೆಯ ಕಿರೀಟ ಅವರ ಮನಸ್ಸಿಗೆ ಬಂತು.

ಕೆಲಸದ ನಡುವೆ ಮಾತು ನಡೆಯುತ್ತಲೇ ಇತ್ತು. ಹನ್ನೊಂದನೇ ವಯಸ್ಸಿಗೆ ತಂದೆಯ ಪಕ್ಕ ಕುಳಿತವರು. ತಂದೆಯ ಕಾಲದಲ್ಲಿ ಮೋಟಾರಿಲ್ಲ. ಬಿಲ್ಲಿನಂಥ ಕೋಲಿಗೆ ಹಗ್ಗ ಬಿಗಿದು, ಒಂದು ಕೈಯಲ್ಲಿ ಎಳೆದು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಉಳಿ ಹಿಡಿಯಬೇಕಿತ್ತು. ಟಿಪ್ಪು ಸುಲ್ತಾನರು ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಈ ಕಸುಬು ಕಲಿಸಿದರು ಎಂಬ ಪ್ರತೀತಿಯನ್ನು ಅವರೂ ಹೇಳಿದರು. ಕಸುಬಿಗೆ ಜಪಾನಿನ ಪದ್ಧತಿಗಳನ್ನು ತಂದು ಹೊಸ ರೂಪ ಕೊಟ್ಟರೆನ್ನಲಾಗುವ ಬಾವಸ್ ಮಿಯಾನ್ ಅವರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಂಡರು. ಇದು ಮುಸ್ಲಿಮರ ಕೈಯಲ್ಲಿ ಮಾತ್ರ ಉಳಿದ ಕೆಲಸವಲ್ಲ, ಅಕ್ಕಪಕ್ಕದ ಹಿಂದೂ ಮನೆಗಳವರೂ ಲೇತಿಗೆ ಕುಳಿತವರೇ. ಯಾರ ಮನೆಯ ಹಬ್ಬಕ್ಕೆ ಯಾರು ಗೊಂಬೆ ಮಾಡುತ್ತಾರೆ ಎಂದು ಇಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ.

“ಮಕ್ಕಳು ಕಲಿತಿದ್ದಾರಾ ಚಾಚಾ?” ಎಂದೆ. ಒಬ್ಬ ಆಟೋ ಓಡಿಸುತ್ತಾನೆ, ಇನ್ನೊಬ್ಬ ಕಾರ್ಖಾನೆಗೆ ಹೋಗುತ್ತಾನೆ. ಹೆಂಡತಿ, ಸೊಸೆ ಮನೆಯಲ್ಲೇ ಕುಳಿತು ಕಣ್ಣು ಮೂಗು ಬರೆಯುತ್ತಾರೆ. ಕೂಲಿ ಕಾಯಿ ಲೆಕ್ಕದಲ್ಲಿ. ಕೈ ನಿಂತರೆ ಕೂಲಿಯೂ ನಿಂತಿತು. ಪ್ಲಾಸ್ಟಿಕ್ಕಿನ ಚೀನಾ ಆಟಿಕೆ ಬಂದ ವರ್ಷಗಳಲ್ಲಿ ಲೇತಿಗೆ ಬಟ್ಟೆ ಹೊದಿಸಿ ಹಮಾಲಿ ಕೆಲಸಕ್ಕೂ ಹೋಗಿದ್ದುಂಟು. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮ ದೆಹಲಿಯಲ್ಲಿ ಇಲ್ಲಿಯ ಗೊಂಬೆಗಳನ್ನು ಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ನಾನು ಇದನ್ನೆಲ್ಲ ನೆನಪಿಸಿದಾಗ ಅವರು ಸಂತೋಷದಿಂದಲೇ ತಲೆಯಾಡಿಸಿದರು. “ಊರಿಗೆ ಹೆಸರು ಬಂತು. ಒಳ್ಳೇದೇ ಆಯ್ತು” ಎಂದರು. ಊರಿಗೆ ಎಂಬ ಮಾತನ್ನು ಅವರು ಒತ್ತಿ ಹೇಳಲಿಲ್ಲ. ನನಗೆ ಮಾತ್ರ ಒತ್ತಿ ಕೇಳಿಸಿತು.

“ನಿಮ್ಮ ಮನೆಯಲ್ಲಿ ಎಷ್ಟು ಗೊಂಬೆ ಇವೆ?” ಎಂದು ಕೇಳಿದೆ, ನನ್ನ 43ರ ಜಂಬ ಒಳಗಿಟ್ಟುಕೊಂಡು.

“ಒಂದೂ ಇಲ್ಲ ಬೇಟಿ. ಮನೆಯಲ್ಲಿ ಉಳೀತು ಅಂದ್ರೆ ಮಾರಾಟ ಆಗಲಿಲ್ಲ ಅಂತ ಅರ್ಥ.”

ನಾನು ಮಾತು ಮರೆಸಲು ಚೀಲದಿಂದ ಜಪಾನಿನವಳನ್ನು ತೆಗೆದು ಕೊಟ್ಟೆ. ಅವರ ಮುಖ ಮಗುವಿನ ಮುಖವಾಯಿತು. ಬೆಳಕಿಗೆ ಹಿಡಿದು, ಕತ್ತನ್ನು ತಿರುಗಿಸಿ, “ಇದೂ ಲೇತಿನದೇ. ಒಳ್ಳೆ ಕೈ” ಎಂದರು. ತಿರುಗಿಸಿದಾಗ ಅಡಿಯ ಬರಹ ಕಂಡಿತು. ಏನೆಂದು ಕೇಳಿದರು. ಮಾಡಿದವರ ಹೆಸರು ಎಂದೆ. ಅವರು ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದರು. ಓದಲು ಬಾರದ ಲಿಪಿಯನ್ನು ಅಷ್ಟು ಹೊತ್ತು ಯಾರೂ ನೋಡುವುದಿಲ್ಲ. ಕೊನೆಗೆ, “ಈ ಮನುಷ್ಯ ಸತ್ತ ಮೇಲೂ ಇದು ಅವನದೇ” ಎಂದು ಮೆಲ್ಲನೆ ಹೇಳಿ ಗೊಂಬೆ ವಾಪಸು ಕೊಟ್ಟರು.

ಕಿರೀಟ ಅಂಟಿಸಿ ಮುಗಿಯಿತು. ಬುಟ್ಟಿಯಲ್ಲಿ ಬಿದ್ದಿದ್ದ ಎರಡು ಕಿರೀಟಗಳನ್ನು ನಾನು ನೋಡದಿರಲು ಆಗಲಿಲ್ಲ. ಮೂರು ಕಿರೀಟಗಳ ಕೆಲಸಕ್ಕೆ ನಾನು ನೂರು ರೂಪಾಯಿ ಗೊತ್ತುಮಾಡಿದ್ದೆ. ಬರುವಾಗ ಸ್ಟೇಷನ್ನಿನಿಂದ ಆಟೋದವನು ಕೇಳಿದ್ದನ್ನು ಎದುರಾಡದೆ ಕೊಟ್ಟು ಬಂದಿದ್ದೆ. ಐನೂರರ ನೋಟು ತೆಗೆದು, “ಇಟ್ಕೊಳ್ಳಿ ಚಾಚಾ” ಎಂದೆ. ಅವರು ನಾಲ್ಕು ನೂರು ಎಣಿಸಿ ವಾಪಸು ಕೊಟ್ಟರು. ಇಲ್ಲ, ನನ್ನದು ತಪ್ಪಾಯಿತು, ನೂರೈವತ್ತಾದರೂ ತೆಗೆದುಕೊಳ್ಳಿ ಎಂದೆ. “ನೂರು ಅಂತ ಮಾತಾಗಿದೆ ಬೇಟಿ” ಎಂದರು. ಸಿಟ್ಟಿಲ್ಲ, ಕೊಂಕಿಲ್ಲ. ಕೊಡುವ ಕೈಯ ಗರ್ವವನ್ನು ಇಷ್ಟು ಮೃದುವಾಗಿ ಇಳಿಸಿದವರನ್ನು ನಾನು ಕಂಡಿಲ್ಲ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ನಾನೇ ಎಷ್ಟು ಸಲ ಮಕ್ಕಳಿಗೆ ಹೇಳಿಲ್ಲ? ಬೇಗ ಕೊಟ್ಟರೆ ಸಾಕೇ, ತಕ್ಕಷ್ಟು ಕೊಡಬೇಡವೇ ಎಂಬ ಪ್ರಶ್ನೆ ಅಂದು ಮೊದಲ ಸಲ ನನ್ನನ್ನೇ ತಿರುಗಿ ಕೇಳಿತು.

ಹೊರಡುವ ಮುನ್ನ, ಗೊಂಬೆಯ ಕೆಳಗೆ ನಿಮ್ಮ ಹೆಸರು ಬರೆದುಕೊಡಿ ಎಂದು ಪೆನ್ನು ಕೊಟ್ಟೆ. ಅವರು ನಕ್ಕರು. “ನಾನು ಮಾಡಿದ್ದು ಕಿರೀಟ ಮಾತ್ರ. ಗೊಂಬೆ ಇನ್ನೊಬ್ಬರದು. ಅವರ ಹೆಸರು ಇಲ್ಲದ ಕಡೆ ನನ್ನ ಹೆಸರು ಹ್ಯಾಗೆ ಬರೀಲಿ?” ಎಂದರು. ನಾನು ಬಿಡಲಿಲ್ಲ. ಕೊನೆಗೆ ರಾಣಿಯನ್ನು ಮಗುಚಿ, ಬಣ್ಣ ಹಾಕದ ಬಿಳಿ ಮರದ ಮೇಲೆ ಉರ್ದುವಿನಲ್ಲಿ ಪುಟ್ಟದಾಗಿ ತನ್ನ ಹೆಸರು ಬರೆದು, ಅದರ ಮೇಲುಗಡೆ ಒಂದು ಸಾಲಿನ ಜಾಗ ಖಾಲಿ ಬಿಟ್ಟರು. ಮೊದಲಿನವರಿಗೆ. ಇದನ್ನು ಪತ್ರಿಕೆಗೆ ಬರೆಯುತ್ತೇನೆ ಎಂದಾಗ, “ಪೇಪರಲ್ಲಿ ನನ್ನ ಹೆಸರು ಬೇಡಮ್ಮಾ, ಗೊಂಬೆ ಕೆಳಗಿದ್ದರೆ ಸಾಕು” ಎಂದರು. ಅದಕ್ಕೇ ಇಲ್ಲಿ ಬರೆದಿಲ್ಲ.

ಊರಿಗೆ ಬಂದು ನೋಟ್‌ಬುಕ್ ತೆಗೆದೆ. ಸ್ಕೇಲು ಇಟ್ಟು ನಾಲ್ಕನೆಯ ಕಾಲಂ ಎಳೆದೆ: ಮಾಡಿದವರು. 43ರಲ್ಲಿ ತುಂಬಿಸಲು ಸಾಧ್ಯವಾದದ್ದು ಒಂದು ಮತ್ತು ಅರ್ಧ. ಜಪಾನಿನವರ ಹೆಸರನ್ನು ವಿದ್ಯಾರ್ಥಿನಿಗೆ ಫೋನಿನಲ್ಲಿ ಫೋಟೋ ಕಳಿಸಿ ಓದಿಸಿದೆ, ರಾಣಿಯದು ಅರ್ಧ. ಉಳಿದ ಮನೆಗಳೆಲ್ಲ ಖಾಲಿ. ಇಷ್ಟು ವರ್ಷ ನಾನು ಗೊಂಬೆ ಸಂಗ್ರಹಿಸಿದ್ದೆ, ಮನುಷ್ಯರನ್ನು ಬಿಟ್ಟುಬಂದಿದ್ದೆ. ಕೆಂಪು ಪೆನ್ನಿನ ಲೆಕ್ಕವನ್ನು ಹೊಡೆದುಹಾಕಲು ಮನಸ್ಸಾಯಿತು, ಹಾಕಲಿಲ್ಲ. ಇರಲಿ, ನನಗೇ ನೆನಪಿರಲಿ.

ಆ ವರ್ಷದ ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಪಕ್ಕದ ಮನೆಯ ಅಜ್ಜಿ ಈಗಿಲ್ಲ, ಗೊಂಬೆ ಕೂರಿಸುವವಳು ಅವರ ಸೊಸೆ. ಎಂದಿನಂತೆ ರಾಜ ರಾಣಿಯನ್ನು ಒಯ್ಯಲು ಬಂದಳು. ದುಪಟ್ಟಾದಲ್ಲಿ ಸುತ್ತಿ ಕೊಡುವಾಗ, “ರಾಣಿಗೆ ಹೊಸ ಕಿರೀಟ ಬಂದಿದೆ” ಎಂದೆ. ಅವಳು ತಿರುಗಿಸಿ ನೋಡಿ, “ಇದೇನಕ್ಕಾ ಕೆಳಗೆ ಬರೆದಿರೋದು?” ಎಂದಳು. ಓದಿ ಹೇಳಿದೆ. ಮರುದಿನ ಸಂಜೆ ಬಾಗಿನಕ್ಕೆ ಕರೆದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಅವಳ ದನಿ ಕೇಳಿಸಿತು. ಮಕ್ಕಳಿಗೆ ತೋರಿಸುತ್ತಿದ್ದಳು: “ಇದು ಅತ್ತೆಯ ಪಟ್ಟದ ಗೊಂಬೆ, ಇದು ತಂಜಾವೂರಿಂದ ಬಂದಿದ್ದು, ಇದು ನಮ್ಮ ಮಂಡಿ ಸಾಬರ ಮನೇದು. ಇದರ ಕಿರೀಟ ಮಾಡಿದವರು...” ಎಂದು ಆ ಹೆಸರನ್ನು ಒಂದಿಷ್ಟು ತಪ್ಪು ಉಚ್ಚಾರದಲ್ಲಿ, ಆದರೆ ಪೂರ್ತಿಯಾಗಿ ಹೇಳಿದಳು.

ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಈ ಸಲ ತಿದ್ದಲು ಹೋಗಲಿಲ್ಲ.